ಆಡಿನ ಪಾಲಿನ ಗಿಡ

ಮಧ್ವೇಶರಾಯ ಗಲಗಲಿಯವರಿಗೆ ಸೊಟ್ಟಗಿರುವುದು ಯಾವುದೂ ಕಣ್ಣಿಗೆ ಆಗುತ್ತಿರಲಿಲ್ಲ. ವಿಜಯಪುರದ ಸರಕಾರಿ ಕಚೇರಿಯೊಂದರಲ್ಲಿ ನಕ್ಷೆ ಬರೆಯುತ್ತಲೇ ತಲೆ ಬೆಳ್ಳಗಾಗಿಸಿಕೊಂಡವರು. ಇಬ್ರಾಹಿಂಪುರದ ಅವರ ಮನೆ ರೈಲು ಹಳಿಯ ಬದಿಗೇ ಇತ್ತು. ಗಾಡಿ ಹೋದಾಗೊಮ್ಮೆ ಗೋಡೆಯ ಕ್ಯಾಲೆಂಡರು ಅಲುಗಾಡಿ ಓರೆಯಾದರೆ, ಉಣ್ಣುವುದನ್ನು ಬಿಟ್ಟು ಎದ್ದು ಎಡಗೈಯಿಂದ ಅದನ್ನು ನೆಟ್ಟಗೆ ಮಾಡಿ ಬಂದು ಕೂರುತ್ತಿದ್ದರು. ಹೆಂಡತಿ ವತ್ಸಲಾಬಾಯಿ ಇದಕ್ಕೆ ಮೊದಮೊದಲು ನಗುತ್ತಿದ್ದರು, ಆಮೇಲೆ ಅದನ್ನೂ ಬಿಟ್ಟರು.

ಇಂಥ ಮನುಷ್ಯ ನಿವೃತ್ತಿಯಾದ ಮೇಲೆ ಸುಮ್ಮನೆ ಕೂರುವುದುಂಟೆ? ತಿಕೋಟಾದ ಆಚೆ ಬಿಜ್ಜರಗಿಯಲ್ಲಿ ತಂದೆಯ ಕಾಲದ ಹೊಲವಿತ್ತು. ಸುತ್ತಲಿನವರೆಲ್ಲ ಜೋಳ ಬಿಟ್ಟು ದ್ರಾಕ್ಷಿ ಹಚ್ಚಿದ್ದರು. ದ್ರಾಕ್ಷಿಯನ್ನು ಯಾರು ಬೇಕಾದರೂ ಹಚ್ಚುತ್ತಾರೆ ಎಂದು ರಾಯರು ಮೂಗು ಮುರಿದರು. ಅವರು ಮನಸ್ಸು ಮಾಡಿದ್ದು ಆಲಿವ್ ಗಿಡಕ್ಕೆ. ಹೊರದೇಶದವರು ಎಣ್ಣೆ ತೆಗೆಯುವ, ಉಪ್ಪಿನಲ್ಲಿ ಹಾಕಿ ತಿನ್ನುವ ಕಾಯಿ ಅದು. ಹಗಲೂ ಇರುಳೂ ಫೋನಿನಲ್ಲಿ ಅದನ್ನೇ ನೋಡಿ, ರಾಜಸ್ಥಾನದ ಕಡೆಯ ನರ್ಸರಿಯವನೊಬ್ಬನ ಜೊತೆ ತಮ್ಮ ವಿಜಯಪುರದ ಹಿಂದಿಯಲ್ಲಿ ಮಾತಾಡಿ, ಹೆಚ್ಚು ಚಳಿ ಬೇಡದ ತಳಿಯೆಂದು ಆರಿಸಿ ಸಸಿ ತರಿಸಿದರು.

ಸಸಿಗಿಂತ ಮುಂಚೆ ನಕ್ಷೆ ಸಿದ್ಧವಾಗಿತ್ತು. ಸಾಲಿನಿಂದ ಸಾಲಿಗೆ ಎಷ್ಟು ಬಿಡಬೇಕು, ಕಾಯಿ ಇನ್ನಷ್ಟು ಹೆಚ್ಚಲೆಂದು ಗಾಳಿ ಬೀಸುವ ಕಡೆ ಪರಾಗಕ್ಕೆ ಬೇರೆ ತಳಿಯ ಗಿಡ ಎಲ್ಲೆಲ್ಲಿ ನಿಲ್ಲಬೇಕು, ಎರೆಮಣ್ಣಿನಲ್ಲಿ ಬೇರು ಕೊಳೆಯದಂತೆ ಮಣ್ಣಿನ ಏರಿ ಎಷ್ಟು ಎತ್ತರವಿರಬೇಕು ಎಲ್ಲವೂ ಅದರಲ್ಲಿತ್ತು. ದಾರ ಹಿಡಿದು ಗುಂಡಿ ತೋಡಿಸಿದರು. ನೆಟ್ಟು ಮುಗಿದ ಮೇಲೆ ಒಂದು ಸಸಿ ಉಳಿಯಿತು. ಅದರ ಕಾಂಡ ಸೊಟ್ಟ, ನಕ್ಷೆಯಲ್ಲಿ ಅದಕ್ಕೆ ಜಾಗವೂ ಇರಲಿಲ್ಲ.

ಹೊಲದ ಮೂಲೆಯಲ್ಲಿ ಮಾಳವ್ವನ ಗುಡಿಸಲಿತ್ತು. ಅವಳ ಗಂಡ ಭಾಗಪ್ಪ ರಾಯರ ತಂದೆಯ ಕಾಲದಿಂದ ಅಲ್ಲಿ ದುಡಿದವನು. ಅವನು ತೀರಿಕೊಂಡ ಮೇಲೂ ಮಾಳವ್ವ ಹೊಲ ಕಾಯುತ್ತ, ನಾಲ್ಕಾರು ಆಡು ಸಾಕಿಕೊಂಡು ಅಲ್ಲೇ ಇದ್ದಳು. ರಾಯರು ಆ ಸೊಟ್ಟ ಸಸಿಯನ್ನು ಅವಳ ಗುಡಿಸಲಿನ ಮುಂದೆ ನೆಡಿಸಿ, ಇದು ನಿನ್ನ ಆಡಿನ ಪಾಲಿಗೆ ಇರಲಿ ಎಂದು ನಕ್ಕರು. ಮಾಳವ್ವನೂ ನಕ್ಕಳು, ಮತ್ತು ಆ ಮಾತನ್ನು ನಿಜವೆಂದೇ ಇಟ್ಟುಕೊಂಡಳು. ತೋಟದ ಸುತ್ತ ಮುಳ್ಳುಕಂಟಿಯ ಬೇಲಿ ಹಾಕಿದವಳು ಅವಳೇ. ಕಾಂಡ ಬಲಿತ ಮೇಲೆ ಆಡುಗಳನ್ನು ಕಟ್ಟುತ್ತಿದ್ದುದು ಆ ಸೊಟ್ಟ ಗಿಡಕ್ಕೆ.

ಗಿಡಗಳು ಎದ್ದವು. ದಸರೆ ಬಂತು. ದ್ರಾಕ್ಷಿ ಸೀಮೆಯಲ್ಲಿ ಆ ಹೊತ್ತಿಗೆ ಕತ್ತರಿ ಹಿಡಿದ ತಂಡಗಳು ತೋಟದಿಂದ ತೋಟಕ್ಕೆ ತಿರುಗುತ್ತವೆ. ಬಳ್ಳಿಯ ಕಡ್ಡಿಗಳನ್ನೆಲ್ಲ ಗಿಡ್ಡಗೆ ಕತ್ತರಿಸುವ ಆ ಕೆಲಸಕ್ಕೆ ಚಾಟಣಿ ಎನ್ನುತ್ತಾರೆ. ಕತ್ತರಿಸಿದರೆ ಹೊಸ ಚಿಗುರು, ಹೊಸ ಚಿಗುರಿಗೆ ಗೊನೆ. ಇಲ್ಲಿನವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಪಕ್ಕದ ಶಿವಯೋಗೆಪ್ಪನ ದ್ರಾಕ್ಷಿ ತೋಟಕ್ಕೆ ಬಂದಿದ್ದ ತಂಡದ ಮುಖ್ಯಸ್ಥ ತುಕಾರಾಮ ಬೇಲಿಯ ಆಚೆಯಿಂದ ನೋಡಿ, ಚಾಟಣಿ ಕಾಣದ ತೋಟ ಕ್ಷೌರ ಕಾಣದ ಮುಖವಿದ್ದಂತೆ ಎಂದ. ರಾಯರಿಗೆ ನಾಟಿತು. ದಾರ ಕಟ್ಟಿಸಿ, ದಾರದ ಮಟ್ಟಕ್ಕೆ ಎಲ್ಲ ಗಿಡಗಳಿಗೂ ಅವನ ತಂಡದಿಂದಲೇ ಕತ್ತರಿ ಹಾಕಿಸಿದರು. ನರ್ಸರಿಯವನು ಕತ್ತರಿಯ ವಿಷಯ ಏನೋ ಹೇಳಿದ್ದ. ರಾಯರು ಪೂರ್ತಿ ಕೇಳಿಸಿಕೊಳ್ಳದೆಯೇ ಹಾಂಜಿ ಹಾಂಜಿ ಎಂದಿದ್ದರು. ಆ ಸಂಜೆ ತೋಟ ಅವರ ನಕ್ಷೆಯಂತೆಯೇ ಕಂಡಿತು. ಆಮೇಲೆ ಪ್ರತಿ ದಸರೆಗೂ ಇದೇ ನಡೆಯಿತು. ಸೊಟ್ಟ ಗಿಡ ಲೆಕ್ಕದಲ್ಲಿರದ್ದರಿಂದ ಅದರ ತಂಟೆಗೆ ಯಾರೂ ಹೋಗಲಿಲ್ಲ.

ಎಳ್ಳ ಅಮಾವಾಸ್ಯೆಗೆ ಈ ಕಡೆಯವರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಮಾಡಿದ ಅಡಿಗೆಯಲ್ಲಿ ಒಂದು ಪಾಲನ್ನು ಭೂಮಿತಾಯಿಗೆಂದು ಬೆಳೆಯ ಮೇಲೆ ಚೆಲ್ಲಿ, ಆಮೇಲೆ ಎಲ್ಲರೂ ಕೂತು ಉಣ್ಣುವುದಕ್ಕೆ ಚರಗ ಎಂದು ಹೆಸರು. ಗಲಗಲಿಯವರ ಮನೆತನದಲ್ಲಿ ಅದಕ್ಕೊಂದು ಕಟ್ಟಳೆಯಿತ್ತು. ಆ ದಿನ ಹೊಲದಲ್ಲಿ ಯಾರ ಕಾಲು ಬಿದ್ದರೂ ಅವರು ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಬೇಕು. ಏಳುವಾಗ ಹೊಲದ ಯಜಮಾನ ಒಬ್ಬೊಬ್ಬರನ್ನೂ ಹೊಟ್ಟೆ ತುಂಬಿತೇ ಎಂದು ಕೇಳಬೇಕು, ಅವರು ತುಂಬಿತು ಅನ್ನಬೇಕು. ಆ ಮಾತೇ ಭೂಮಿಗೆ ಹರಕೆ ಎಂದು ರಾಯರ ತಂದೆ ಹೇಳುತ್ತಿದ್ದರು.

ಇಂಥ ಪಂಕ್ತಿಯಲ್ಲಿ ರಾಯರು ವರ್ಷ ವರ್ಷವೂ ಒಂದೇ ಮಾತು ಕೊಟ್ಟಿದ್ದರು: ಮುಂದಿನ ಚರಗಕ್ಕೆ ನಿಮ್ಮ ತಾಟಿನಲ್ಲಿ ನನ್ನ ತೋಟದ ಆಲಿವ್ ಉಪ್ಪಿನಕಾಯಿ. ಗಿಡಗಳು ಹಸಿರಾಗಿ ನಳನಳಿಸಿದವೇ ಹೊರತು ಒಂದೂ ಹೂ ಬಿಡಲಿಲ್ಲ. ಹೋದ ವರ್ಷ ಊಟ ಅರ್ಧಕ್ಕೆ ಬಂದಾಗ ಶಿವಯೋಗೆಪ್ಪ ಪುಂಡಿಪಲ್ಯದಲ್ಲಿ ಬೆರಳಾಡಿಸುತ್ತ, ಉಪ್ಪಿನಕಾಯಿ ಇನ್ನೂ ಉಪ್ಪು ಹೀರುತ್ತಿದೆಯೋ ಹೇಗೆ ಎಂದು ಕೇಳಿದ. ಪಂಕ್ತಿ ಪೂರಾ ನಕ್ಕಿತು.

ರಾಯರ ಕಿವಿ ಬಿಸಿಯಾದವು. ಅದೇ ಹೊತ್ತಿಗೆ ಗುಡಿಸಲಿನ ಕಡೆಯಿಂದ ಒಂದು ಆಡು ಕೂಗಿತು.

"ಎಲ್ಲಿಂದ ಬರಬೇಕ್ರಿ ಕಾಯಿ?" ಎಂದರು ರಾಯರು. "ಹೂ ಬಿಡೂದಕ್ಕ ಇಕಿ ಆಡು ಬಿಡಬೇಕಲ್ಲ. ಆಡು ಮುಟ್ಟಲಾರದ ತಪ್ಪಲ ಎಲ್ಲೆರೆ ಅದ ಏನು?"

ಎಲ್ಲರ ಕಣ್ಣೂ ಪಂಕ್ತಿಯ ಕೊನೆಗೆ ಹೊರಳಿದವು. ಮಾಳವ್ವ ಮುರಿದ ರೊಟ್ಟಿಯನ್ನು ಕೈಯಲ್ಲೇ ಹಿಡಿದಿದ್ದಳು.

"ನನ್ನ ಆಡು ಆ ಸೊಟ್ಟ ಗಿಡಾ ಬಿಟ್ಟು ಬ್ಯಾರೆ ಒಂದು ಎಲಿ ಮುಟ್ಟಿಲ್ರಿ ಯಪ್ಪಾ," ಎಂದಳು. "ಅದು ನೀವಽ ಕೊಟ್ಟ ಪಾಲು."

ರಾಯರಿಗೆ ಅದು ಗೊತ್ತಿತ್ತು. ಬೇಲಿ ಎಷ್ಟು ಗಟ್ಟಿಯಾಗಿದೆ ಎಂಬುದೂ ಗೊತ್ತಿತ್ತು. ಆದರೆ ನಗು ತಮ್ಮ ಮೇಲಿಂದ ಸರಿದು ಹೋಗಿತ್ತು, ಆ ನೆಮ್ಮದಿ ಸಿಹಿಯಾಗಿತ್ತು. ಲೋಟ ಎತ್ತಿ ಮಜ್ಜಿಗೆ ಕುಡಿದರು. ಮಾಳವ್ವ ಅರ್ಧ ರೊಟ್ಟಿಯನ್ನು ತಾಟಿನಲ್ಲಿಟ್ಟು, ಕೈ ತೊಳೆದು, ಎದ್ದು ಹೋದಳು. ಹೊಟ್ಟೆ ತುಂಬಿತೇ ಎಂದು ಅವಳನ್ನು ಯಾರೂ ಕೇಳಲಿಲ್ಲ.

ಆಡಿದ ಮಾತಿಗೆ ಬೇಲಿಯಿಲ್ಲ. ಮರುದಿನವೇ ಶಿವಯೋಗೆಪ್ಪ ತನ್ನ ಬದುವಿಗೆ ಅವಳ ಆಡು ಬರಕೂಡದು ಎಂದ. ಅವನನ್ನು ನೋಡಿ ಉಳಿದವರೂ ಅಂದರು. ಕದ್ದು ಮೇಯುವ ಆಡಿನವಳೆಂದು, ತುಡುಗು ಆಡಿನ ಮಾಳವ್ವ ಎಂಬ ಹೆಸರು ಬಿತ್ತು. ಮೇಯಿಸಲು ಒಂದು ಮೊಳ ನೆಲವಿಲ್ಲದ ಮೇಲೆ ಅವಳು ಆಡುಗಳನ್ನು ಸಂತೆಗೆ ಹೊಡೆದು ಮಾರಿ, ಗುಡಿಸಲಿಗೆ ಅಗಳಿ ಹಾಕಿ, ಬಬಲೇಶ್ವರದ ಹತ್ತಿರ ನಿಡೋಣಿಯಲ್ಲಿದ್ದ ಮಗಳು ಸಪ್ನಾಳ ಮನೆಗೆ ಹೋದಳು. ಮಗಳ ಮನೆಯ ಅನ್ನ ಉಣ್ಣುವುದೆಂದರೆ ಅವಳಂಥವಳಿಗೆ ಏನೆಂದು ರಾಯರಿಗೆ ಗೊತ್ತಿರಲಿಲ್ಲವೆಂದಲ್ಲ. ಅದರ ಬಗ್ಗೆ ಅವರು ಯೋಚಿಸದೆ ಇದ್ದರು, ಅಷ್ಟೆ.

ಮತ್ತೆ ದಸರೆ ಹತ್ತಿರ ಬಂತು. ತುಕಾರಾಮನ ತಂಡವನ್ನು ಕರೆಯುವ ಮೊದಲು ಆ ಗುಡಿಸಲು ಕೆಡವಿ ಪೈಪು ಇಡಲು ಶೆಡ್ಡು ಹಾಕಿಸೋಣವೆಂದು ಅವಳು ಹೋದ ಮೇಲೆ ಅತ್ತ ಸುಳಿಯದಿದ್ದ ರಾಯರು ಅಳತೆ ಪಟ್ಟಿ ಹಿಡಿದು ಅಲ್ಲಿಗೆ ಹೋದರು. ಚಪ್ಪಲಿಯ ಕೆಳಗೆ ಏನೋ ಪಚಕ್ಕೆಂದಿತು. ನೋಡಿದರೆ ನೇರಳೆ ಬಣ್ಣದ ಕಲೆ. ತಲೆ ಎತ್ತಿದರು.

ಸೊಟ್ಟ ಗಿಡದ ಕಾಂಡದಲ್ಲಿ, ಆಡು ಹಿಂಗಾಲ ಮೇಲೆ ನಿಂತರೆ ಬಾಯಿ ಎಟಕುವಷ್ಟು ಎತ್ತರದವರೆಗೆ ಕಚ್ಚಿದ ಹಳೆಯ ಗುರುತುಗಳಿದ್ದವು. ಅದರ ಮೇಲಿನ ಕೊಂಬೆಗಳಲ್ಲಿ ಹಸಿರು, ಕೆಂಪು, ಕಪ್ಪು ಕಾಯಿಗಳು ಗೊಂಚಲಾಗಿ ಜೋತುಬಿದ್ದಿದ್ದವು.

ಅವರಿಗೆ ಮೊದಲು ಆದದ್ದು ಸಂತೋಷವೇ. ಫೋಟೋ ತೆಗೆದು ನರ್ಸರಿಯವನಿಗೆ ಕಳಿಸಿ, ಕೂಡಲೇ ಫೋನು ಹಚ್ಚಿದರು. ಇದೊಂದೇ ಗಿಡಕ್ಕೆ ಕಾಯಿ ಯಾಕೆ ಎಂದು ಕೇಳಿದರು. ಉಳಿದವನ್ನು ಏನು ಮಾಡುತ್ತೀರಿ ಎಂದು ಅವನು ಕೇಳಿದ. ರಾಯರು ಹೆಮ್ಮೆಯಿಂದಲೇ ಚಾಟಣಿಯ ಕಥೆ ಹೇಳಿದರು. ಆಲಿವ್ ಹೂ ಬಿಡುವುದು ಹಿಂದಿನ ವರ್ಷದ ಕಡ್ಡಿಯ ಮೇಲೆ, ಹೊಸ ಚಿಗುರಿನ ಮೇಲೆ ಅಲ್ಲ, ಇದನ್ನು ಆಗಲೇ ಹೇಳಿದ್ದೆನಲ್ಲ ಸಾಹೇಬರೇ ಎಂದ ಅವನು. ಪ್ರತಿ ವರ್ಷವೂ ಹೂ ಬರಬೇಕಾದ ಕಡ್ಡಿಯನ್ನು ನೀವೇ ಕತ್ತರಿಸಿ ಒಗೆದಿದ್ದೀರಿ ಎಂದ. ಅವನು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿರುತ್ತಿತ್ತು.

ರಾಯರು ಅಗಳಿ ಹಾಕಿದ ಬಾಗಿಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತುಬಿಟ್ಟರು. ತಮ್ಮ ದಾರ, ತಮ್ಮ ನಕ್ಷೆ, ತಮ್ಮ ಕತ್ತರಿ. ಇಡೀ ಹೊಲದಲ್ಲಿ ಕಾಯಿ ಕಚ್ಚಿದ್ದು ಆಡಿಗೆ ಬಿಟ್ಟುಕೊಟ್ಟ ಗಿಡ ಒಂದೇ. ಯಾರೂ ನೋಡುತ್ತಿರಲಿಲ್ಲ, ಆದರೂ ಅವರು ಮುಖ ಮುಚ್ಚಿಕೊಂಡರು.

ಮನೆಗೆ ಬಂದು ವತ್ಸಲಾಬಾಯಿಗೆ ಎಲ್ಲ ಹೇಳಿದರು. ಅವರು ಸೋಸುತ್ತಿದ್ದ ಮೆಂತ್ಯದ ಸೊಪ್ಪಿನಿಂದ ಕಣ್ಣೆತ್ತಲಿಲ್ಲ.

"ಮಂಗ್ಯಾ ಮಸರು ತಿಂದು ಆಡಿನ ಬಾಯಿಗೆ ಒರಸಿತ್ತಂತ," ಎಂದರು. "ಗಾದಿಮಾತು ಕೇಳಿದ್ದೆ. ಮನ್ಯಾಗ ನೋಡಿದ್ದಿಲ್ಲ."

ನಿಡೋಣಿಗೆ ಜೊತೆಗೆ ಬಾ ಎಂದು ರಾಯರು ಕರೆದಾಗ, ಒರೆಸಿದವರೇ ಹೋಗಬೇಕು ಎಂದು ಹೇಳಿ ಅವರು ಒಳಗೆ ಹೋದರು.

ಡಬ್ಬಿಯಲ್ಲಿ ಒಂದು ಹಿಡಿ ಕಾಯಿ ಹಾಕಿಕೊಂಡು ರಾಯರು ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಮಾತು ಜೋಡಿಸಿದರು, ಎಲ್ಲವೂ ತಮ್ಮನ್ನೇ ಕಾಪಾಡಿಕೊಳ್ಳುವ ಮಾತುಗಳೇ ಆಗಿ ಬಂದವು. ನಿಡೋಣಿಯಲ್ಲಿ ಸಪ್ನಾಳ ಮನೆಯಂಗಳದಲ್ಲಿ ಮಾಳವ್ವ ಗೋವಿನಜೋಳದ ತೆನೆ ಸುಲಿಯುತ್ತಿದ್ದಳು. ಎದ್ದು ಸೆರಗು ಸರಿಮಾಡಿಕೊಂಡು, ಬರ್ರಿ ಅಂದಳು. ಸಪ್ನಾ ನೀರು ತಂದಿಟ್ಟು ತೆನೆ ಸುಲಿಯಲು ಕೂತಳು. ರಾಯರು ನಿಂತೇ ನಡೆದದ್ದನ್ನು ಹೇಳಿದರು. ಚಾಟಣಿಯ ಸಂಗತಿಯ ಜೊತೆಗೆ, ಅವಳ ಆಡು ಮುಟ್ಟಿಲ್ಲವೆಂದು ಗೊತ್ತಿದ್ದೂ ಹಾಗೆ ಅಂದೆ ಎಂಬುದನ್ನೂ ಹೇಳಿದರು. ಹೇಳಲು ಬಹಳ ಕಷ್ಟವಾದದ್ದು ಅದೇ.

ಮಾಳವ್ವ ಡಬ್ಬಿಯಿಂದ ಒಂದು ಕಾಯಿ ತೆಗೆದು, ಸೆರಗಿಗೆ ಒರೆಸಿ ಕಚ್ಚಿದಳು. ಕೂಡಲೇ ಅಂಗೈಗೆ ಉಗುಳಿದಳು.

"ಕಹಿ ವಿಷ ಐತಲ್ರಿ," ಎಂದಳು. "ಇದರ ಸಲುವಾಗೇನ್ರಿ?"

ಉಪ್ಪುನೀರಿನಲ್ಲಿ ಹಾಕಿಟ್ಟರೆ ಕಹಿ ಹೋಗುತ್ತದೆ ಎಂದು ಹೇಳಲು ರಾಯರು ಬಾಯಿ ತೆರೆದರು. ಏನು ಹೇಳಹೊರಟಿದ್ದೇನೆ ಎಂದು ಅವರಿಗೇ ಅಸಹ್ಯವಾಗಿ ಬಾಯಿ ಮುಚ್ಚಿಕೊಂಡರು. ಆಮೇಲೆ, ಅವಳಿಗೆ ಆಡು ಕೊಡಿಸುತ್ತೇನೆ, ಗುಡಿಸಲು ಅವಳದೇ, ಬಂದುಬಿಡಲಿ ಎಂದರು.

"ಆಡು ಬ್ಯಾಡ್ರಿ ಯಪ್ಪಾ. ನನ್ನ ಹೆಸರ ಕೆಟ್ಟಿದ್ದು ಚರಗದ ಪಂಕ್ತಿಯೊಳಗ. ಅಲ್ಲೇ ಹೇಳ್ರಿ. ನಾ ಬಂದು ಕೇಳತೇನಿ."

ಎಳ್ಳ ಅಮಾವಾಸ್ಯೆಯವರೆಗೆ ರಾಯರು ಸರಿಯಾಗಿ ಉಣ್ಣಲಿಲ್ಲ. ತುಕಾರಾಮನ ತಂಡವನ್ನು ಕರೆಯಲಿಲ್ಲ, ತೋಟ ಕೂದಲು ಕೆದರಿಕೊಂಡು ನಿಂತಿತು. ಈ ಸಲ ಜನರನ್ನೇ ಕರೆಯದಿದ್ದರೆ ಹೇಗೆ ಎಂದು ಒಮ್ಮೆ ಯೋಚನೆ ಬಂತು. ವತ್ಸಲಾಬಾಯಿಯ ಮುಖ ನೋಡಿ ಅದನ್ನು ಅಲ್ಲಿಗೇ ಬಿಟ್ಟರು.

ಆ ದಿನ ಚರಗ ಚೆಲ್ಲಿ ಆಯಿತು. ಹೋದ ವರ್ಷದವರೇ ಪಂಕ್ತಿಯಲ್ಲಿ ಕೂತರು. ಮಾಳವ್ವ ಬಂದು ಸೊಟ್ಟ ಗಿಡದ ಕೆಳಗೆ ನಿಂತಿದ್ದಳು. ಯಾರೂ ತುತ್ತು ಎತ್ತುವ ಮುಂಚೆ ರಾಯರು ಪಂಕ್ತಿಯ ನಡುವೆ ನಿಂತರು. ಹೋದ ವರ್ಷ ಇದೇ ಜಾಗದಲ್ಲಿ ತಾನು ಸುಳ್ಳು ಹೇಳಿದೆ, ತೋಟ ಕೆಡಿಸಿದ್ದು ತನ್ನ ಕತ್ತರಿ, ಮಾಳವ್ವನ ಆಡು ಒಂದೆಲೆಯನ್ನೂ ಮುಟ್ಟಿಲ್ಲ, ಅದು ಆಗಲೂ ತನಗೆ ಗೊತ್ತಿತ್ತು ಎಂದರು.

ಶಿವಯೋಗೆಪ್ಪ ನಕ್ಕುಬಿಟ್ಟ. "ಹೋಗ್ಲಿ ಬಿಡ್ರಿ ರಾಯರ. ಆಡಿನ ಮಾತು ಯಾಂವ ನೆಪ್ಪಿಟ್ಟಾನ?"

"ನೀವು ಇಟ್ಟಿದ್ರಿ," ಎಂದರು ರಾಯರು. "ನಿಮ್ಮ ಬದುವಿಗೆ ಬಿಡಲಿಲ್ಲ. ನಾ ಅಂದದ್ದನ್ನ ಒಂದಽ ಮಾತಿಗೆ ನಂಬಿದ್ರಿ."

ಆಮೇಲೆ ಯಾರೂ ನಗಲಿಲ್ಲ. ಶಿವಯೋಗೆಪ್ಪ ತನ್ನ ತಾಟು ನೋಡುತ್ತ ಕೂತ. ಮಾಳವ್ವ ನಿಧಾನವಾಗಿ ಬಂದು ಹೋದ ವರ್ಷ ಕೂತಿದ್ದ ಜಾಗದಲ್ಲೇ ಕೂತಳು. ವತ್ಸಲಾಬಾಯಿ ಕಡಬು, ಹೋಳಿಗೆ, ಪಲ್ಯ ಎಲ್ಲ ತಂದರು. ಅವಳು ತಾಟಿನ ಮೇಲೆ ಕೈ ಅಡ್ಡ ಹಿಡಿದಳು.

"ಹ್ವಾದ ವರ್ಸ ಅರ್ಧಾ ರೊಟ್ಟಿ ಉಳದಿತ್ರಿ. ಅಷ್ಟಽ ಹಾಕ್ರಿ."

ರಾಯರು ತಾವೇ ಒಂದು ಸಜ್ಜಿ ರೊಟ್ಟಿ ತೆಗೆದು ಎರಡು ಮಾಡಿದರು. ಒಂದು ಹೋಳು ಸಣ್ಣದಾಯಿತು, ದೊಡ್ಡದನ್ನು ಅವಳ ತಾಟಿಗೆ ಹಾಕಿದರು. ಅವಳು ಅವಸರ ಮಾಡದೆ, ಚೂರೂ ಬಿಡದೆ ಅದನ್ನು ಉಂಡಳು. ನೀರು ಕುಡಿದು, ಕೈ ತೊಳೆದು, ಎದ್ದು ರಾಯರ ಎದುರು ನಿಂತಳು. ಕೇಳುವುದೊಂದು ಬಾಕಿಯಿತ್ತು. ಅವರು ಕೇಳುವವರೆಗೆ ಅವಳು ಹೋಗುವಂತಿರಲಿಲ್ಲ.

"ಹೊಟ್ಟಿ ತುಂಬ್ತೇನು, ಮಾಳವ್ವ?"

ಅವಳು ಗುಡಿಸಲಿನ ಕಡೆ, ಆಡು ಕಟ್ಟುತ್ತಿದ್ದ ಗಿಡದ ಕಡೆ ಒಮ್ಮೆ ನೋಡಿದಳು.

"ಅರ್ಧಾ ತುಂಬೇತ್ರಿ," ಎಂದಳು.

ಬದುವಿನ ಗುಂಟ ಅವಳು ಬಸ್ಸಿನ ಹಾದಿ ಹಿಡಿದಳು. ಪಂಕ್ತಿಯವರು ತಲೆ ತಗ್ಗಿಸಿ ಉಣ್ಣತೊಡಗಿದರು. ರಾಯರು ಉಳಿದ ರೊಟ್ಟಿಯ ಹೋಳನ್ನು ಕೈಯಲ್ಲಿ ಹಿಡಿದುಕೊಂಡು ಅಲ್ಲೇ ನಿಂತಿದ್ದರು.