ಅವಳ ಬೆರಳಿಗೆ ಸಿಕ್ಕಿದ್ದು

ಕೈರೋಪ್ರಾಕ್ಟರ್ ಆಗ್ತೀನಿ ಅಂತ ನಾನು ಹೇಳಿದ ದಿನ ಅಪ್ಪ ಕೇಳಿದ್ದು, ಅವರನ್ನು ಡಾಕ್ಟರ್ ಅಂತಾರಾ ಇಲ್ಲವಾ ಅಂತ. ಬೆನ್ನುಮೂಳೆಯನ್ನು ಕೈಯಿಂದಲೇ ಸರಿಮಾಡುತ್ತಾರೆ, ಔಷಧಿ ಕೊಡುವುದಿಲ್ಲ, ಅದಕ್ಕೇ ಬೇರೆ ಕಾಲೇಜುಗಳಿವೆ, ಸೇರಬೇಕಾದರೆ ಡಿಗ್ರಿಯಲ್ಲಿ ಕೆಮಿಸ್ಟ್ರಿ, ಫಿಸಿಕ್ಸ್, ಬಯಾಲಜಿ ಓದಿರಬೇಕು ಎಂದೆಲ್ಲ ವಿವರಿಸಿದೆ. ಅಮೆರಿಕದ ಗೈದರ್ಸ್‌ಬರ್ಗಿನ ಸರ್ಕಾರಿ ಲ್ಯಾಬಿನಲ್ಲಿ ವಿಜ್ಞಾನಿಯಾಗಿದ್ದ ಅಪ್ಪ ಎಲ್ಲವನ್ನೂ ಕೇಳಿಸಿಕೊಂಡು, ತಮ್ಮ ಗೆಳೆಯರ ಮಗಳು ಮೆಡಿಸಿನ್‌ಗೆ ಅಪ್ಲೈ ಮಾಡುತ್ತಾಳಂತೆ ಎಂದರು.

ಆ ಮಗಳ ಹೆಸರು ಕೇಳದೆ ನನ್ನ ಒಂದು ವಾರವೂ ಕಳೆಯುತ್ತಿರಲಿಲ್ಲ. ನಮ್ಮ ಮನೆ, ಅವರ ಮನೆ ಎರಡೂ ಪಕ್ಕದ ಊರು ಜರ್ಮನ್‌ಟೌನಿನಲ್ಲೇ. ಅವಳ ತಂದೆ ಡಾಕ್ಟರ್. ನಾವಿಬ್ಬರೂ ಒಂದೇ ಕಾಲೇಜಿಗೆ, ಅವಳ ಕಾರಿನಲ್ಲೇ ಹೋಗುತ್ತಿದ್ದೆವು. ಆರ್ಗಾನಿಕ್ ಕೆಮಿಸ್ಟ್ರಿಯಲ್ಲಿ ನಾನು ಹತ್ತು ಸಲ ಬರೆದು ಅಳಿಸಿದ್ದು ಅವಳಿಗೆ ಒಂದೇ ನೋಟಕ್ಕೆ ತಿಳಿಯುತ್ತಿತ್ತು. ನಾನು ಹತ್ತನೇ ವಯಸ್ಸಿನಲ್ಲಿ ಮೈಸೂರಿನಿಂದ ಬಂದವಳು. ಅವಳು ಇಲ್ಲೇ ಹುಟ್ಟಿದವಳು. ಕನ್ನಡದವರೆಲ್ಲ ಸೇರಿದಾಗ ಅವಳ ತಪ್ಪು ತಪ್ಪು ಕನ್ನಡವನ್ನು ಆಂಟಿಯರು ಎಷ್ಟು ಮುದ್ದಾಗಿದೆ ಎಂದು ಮೆಚ್ಚಿಕೊಳ್ಳುತ್ತಿದ್ದರು. ನನ್ನ ಸರಿಯಾದ ಕನ್ನಡ ಯಾರ ಕಿವಿಗೂ ಬೀಳುತ್ತಿರಲಿಲ್ಲ.

ಅವಳಿಲ್ಲದ ಜಾಗ ನನಗೆ ಒಂದೇ ಇತ್ತು. ಹೈಸ್ಕೂಲಿನಲ್ಲಿದ್ದಾಗ ಮಂಜುಗಡ್ಡೆ ಕಟ್ಟಿದ ಮೆಟ್ಟಿಲಿನಲ್ಲಿ ಜಾರಿಬಿದ್ದು ನನ್ನ ಸೊಂಟ ಹಿಡಿದುಕೊಂಡಿತ್ತು. ಆಗ ಅದನ್ನು ಬಿಡಿಸಿದವರು ಗೈದರ್ಸ್‌ಬರ್ಗಿನ ಒಬ್ಬ ಕೈರೋಪ್ರಾಕ್ಟರ್, ಅರವತ್ತು ದಾಟಿದ ಅಮೆರಿಕನ್ ಹೆಂಗಸು. ಕಾಲೇಜು ಸೇರಿದ ಮೇಲೆ ಪ್ರತಿ ಶನಿವಾರ ಬೆಳಿಗ್ಗೆ ಅವರ ಕ್ಲಿನಿಕ್ಕಿಗೆ ಹೋಗಿ ಟೇಬಲ್ ಒರೆಸುತ್ತಿದ್ದೆ, ಫೈಲು ಜೋಡಿಸುತ್ತಿದ್ದೆ, ಅವರು ಕೆಲಸ ಮಾಡುವುದನ್ನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಬೆರಳು ಚುರುಕಾಗಲಿ ಎಂದು ಅವರು ಒಂದು ಅಭ್ಯಾಸ ಹೇಳಿಕೊಟ್ಟಿದ್ದರು. ಒಂದು ಕೂದಲನ್ನು ಫೋನ್ ಬುಕ್ಕಿನ ಹಾಳೆಯಡಿ ಇಟ್ಟು, ಕಣ್ಣು ಮುಚ್ಚಿ, ಬೆರಳ ತುದಿಯಿಂದ ಹುಡುಕಬೇಕು. ಸಿಕ್ಕಿದರೆ ಮೇಲೆ ಇನ್ನೊಂದು ಹಾಳೆ. ಒಂದಿಡೀ ಚಳಿಗಾಲ ಕೂತು ನಾನು ಒಂಬತ್ತು ಹಾಳೆಯವರೆಗೆ ಮುಟ್ಟಿದ್ದೆ.

ಮೂರನೇ ವರ್ಷ ಅವಳು, ಮೆಡಿಕಲ್ ಸ್ಕೂಲಿನ ಅರ್ಜಿಗೆ ಪೇಷಂಟ್‌ಗಳನ್ನು ನೋಡಿದ ಅನುಭವ ಬೇಕು, ಒಂದು ಶನಿವಾರ ನಿನ್ನ ಜೊತೆ ಬರಲಾ ಎಂದು ಕೇಳಿದಳು. ಬೇಡವೆನ್ನಲು ಕಾರಣ ತೋಚಲಿಲ್ಲ.

ಆ ಶನಿವಾರ ಕ್ಲಿನಿಕ್ಕಿನ ಡಾಕ್ಟರ್ ತಮಾಷೆಗೆ ಎಂಬಂತೆ ಅವಳ ಮುಂದೆ ಫೋನ್ ಬುಕ್ ಇಟ್ಟರು. ಅವಳು ನಗುತ್ತಾ ಕಣ್ಣು ಮುಚ್ಚಿದಳು. ಒಂಬತ್ತಾಯಿತು, ಹತ್ತಾಯಿತು. ಹದಿನಾಲ್ಕನೆಯ ಹಾಳೆಯಲ್ಲಿ ಅವಳು ತಡವರಿಸುವ ಹೊತ್ತಿಗೆ ನನ್ನ ಕಿವಿಯೆಲ್ಲ ಬಿಸಿಯಾಗಿತ್ತು. ಆಮೇಲೆ ಬಡಗಿ ಕೆಲಸದ ಒಬ್ಬ ಮುದುಕರ ಬೆನ್ನ ಮೇಲೆ ನಮ್ಮಿಬ್ಬರ ಕೈಯನ್ನೂ ಸರದಿಯಂತೆ ಇಡಿಸಿದರು. ನನಗೆ ಬೆನ್ನು ಬೆನ್ನಿನಂತೆಯೇ ಇತ್ತು. ಅವಳು ಒಂದು ಕಡೆ ಬೆರಳು ನಿಲ್ಲಿಸಿ, ಇಲ್ಲೇನೋ ಬಿಗಿಯಾಗಿದೆ ಎಂದಳು. ಮುದುಕರು ಹೌದು ಹೌದು, ಅಲ್ಲೇ ಎಂದರು. ಇಂಥ ಕೈ ಅಪರೂಪ ಎಂದು ಡಾಕ್ಟರ್ ಹೇಳಿದರು. ಎರಡು ವರ್ಷದಲ್ಲಿ ಅವರು ನನಗೆ ಹೇಳಿದ್ದು, ನೀನು ತುಂಬ ಶ್ರದ್ಧೆಯ ಹುಡುಗಿ ಅಂತ ಮಾತ್ರ.

ಅವಳು ಪ್ರತಿ ಶನಿವಾರ ಬರತೊಡಗಿದಳು. ನಾನು ಟೇಬಲ್ ಒರೆಸುವಾಗ ಬೇಕೆಂದೇ ಅವಳಿಗೆ ಬೆನ್ನು ಮಾಡುತ್ತಿದ್ದೆ. ಒಂದು ದಿನ ಕಾಲೇಜಿನಿಂದ ವಾಪಸ್ ಬರುವಾಗ, ಕಣ್ಣು ರಸ್ತೆಯ ಮೇಲಿಟ್ಟುಕೊಂಡೇ ಅವಳು ಹೇಳಿದಳು, "ನನಗೆ ಇದು ಇಷ್ಟ. ಮೆಡಿಸಿನ್ ಅಷ್ಟು ಇಷ್ಟ ಇಲ್ಲ. ಡ್ಯಾಡಿಗೆ ಹೇಳಬೇಡ." ಅಟ್ಲಾಂಟದ ಹತ್ತಿರದ ಒಂದು ಕೈರೋಪ್ರಾಕ್ಟಿಕ್ ಕಾಲೇಜು ಸೇರಬಯಸುವವರನ್ನು ವೀಕೆಂಡಿಗೆ ಕರೆದು ಎಲ್ಲ ತೋರಿಸುತ್ತಿತ್ತು. ನಾನು ಅಪ್ಪನ ಜೊತೆ ಹೊರಟಿರುವುದು ಅವಳಿಗೆ ಗೊತ್ತಿತ್ತು. ನಾನೂ ಬರಲಾ ಎಂದು ಕೇಳಿದಳು.

"ಆ ವೀಕೆಂಡಿನ ಸೀಟೆಲ್ಲ ತುಂಬಿಹೋಯ್ತಂತೆ" ಎಂದೆ. ಮೊದಲೇ ಯೋಚಿಸಿಟ್ಟಿದ್ದವಳಂತೆ, ಒಂದು ಕ್ಷಣವೂ ತಡವಾಗದೆ ಬಾಯಿಂದ ಬಂತು. ಅವಳು ಓಕೆ ಎಂದಳು.

ಎರಡು ವಾರ ಕಳೆದು ಹೊರಟೆವು, ಅಪ್ಪ ಡ್ರೈವ್ ಮಾಡಿದರು. ವರ್ಜೀನಿಯಾ ದಾಟಿ, ನಾರ್ತ್ ಕೆರೊಲಿನಾದ ಪೈನ್ ಮರಗಳ ನಡುವೆ ಸಾಗಿ, ಸಂಜೆಗೆ ಷಾರ್ಲೆಟ್ ತಲುಪಿದೆವು. ಅಲ್ಲಿ ಅಪ್ಪನ ಹಳೆಯ ಸಹಪಾಠಿಯ ಮನೆ. ಆಂಟಿ ಬಿಸಿ ಅನ್ನಕ್ಕೆ ಹುರುಳಿಕಾಯಿ ಹುಳಿ ಬಡಿಸಿದರು. ನಾನು ಅರ್ಧಕ್ಕೇ ತಟ್ಟೆ ಬಿಟ್ಟು ಎದ್ದೆ. ಫೋನ್ ಮಾಡಲಾ ಎಂದು ಅವರನ್ನು ಕೇಳಿ, ಅಡಿಗೆಮನೆಯ ಗೋಡೆಯ ಫೋನಿನಿಂದ ಅವಳಿಗೆ ಮಾಡಿದೆ. ಸೀಟು ತುಂಬಿರಲಿಲ್ಲ, ನಾನು ಸುಳ್ಳು ಹೇಳಿದೆ ಎಂದೆ.

"ಗೊತ್ತು" ಎಂದಳು. "ನಾನು ಕಾಲೇಜಿಗೆ ಕಾಲ್ ಮಾಡಿದ್ದೆ. ಸೀಟ್ ಇದೆ ಅಂದ್ರು."

"ಮತ್ತೆ ಯಾಕೆ ಬರಲಿಲ್ಲ?"

"ನಿನಗೆ ಬೇಡ ಇತ್ತಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಅಂಕಲ್‌ಗೆ ನಿಧಾನಕ್ಕೆ ಡ್ರೈವ್ ಮಾಡೋಕೆ ಹೇಳು ಎಂದು ಫೋನ್ ಇಟ್ಟಳು.

ಮರುದಿನ ಅಟ್ಲಾಂಟದ ಆ ಕಾಲೇಜನ್ನು ನನಗಿಂತ ಚೆನ್ನಾಗಿ ನೋಡಿದವರು ಅಪ್ಪ. ಅನಾಟಮಿ ಲ್ಯಾಬಿನಲ್ಲಿ ಅಲ್ಲಿನ ಪ್ರೊಫೆಸರನ್ನು ಹಿಡಿದು ನಿಲ್ಲಿಸಿ ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದರು. ವಾಪಸ್ ಬರುವಾಗ ಸೌತ್ ಕೆರೊಲಿನಾದಲ್ಲಿ ಎಲ್ಲೋ ಪೆಟ್ರೋಲಿಗೆ ನಿಲ್ಲಿಸಿ, ಲ್ಯಾಬ್ ಒಳ್ಳೆಯದಿದೆ, ಅಪ್ಲೈ ಮಾಡು ಎಂದರು. ಅಷ್ಟು ವರ್ಷ ಕಾದಿದ್ದ ಮಾತು. ಆದರೆ ನನ್ನ ತಲೆಯಲ್ಲಿದ್ದದ್ದು, ಅವಳು ಬಂದಿದ್ದರೆ ಅಲ್ಲಿನವರೆಲ್ಲ ಅವಳ ಕೈಯನ್ನೇ ನೋಡುತ್ತಿದ್ದರು ಎನ್ನುವುದು. ತಪ್ಪೊಪ್ಪಿಕೊಂಡ ಮೇಲಾದರೂ ಹೊಟ್ಟೆಕಿಚ್ಚು ಹೋಗುತ್ತದೆಂದುಕೊಂಡಿದ್ದೆ. ಹೋಗಲಿಲ್ಲ.

ಆಮೇಲೆ ಅವಳು ಶನಿವಾರ ಬರುವುದನ್ನು ಬಿಟ್ಟಳು. ಕಾಲೇಜಿಗೆ ಮಾತ್ರ ಮೊದಲಿನಂತೆ ನನ್ನನ್ನು ಕರೆದುಕೊಂಡು ಹೋದಳು. ನಾನು ಅಟ್ಲಾಂಟಕ್ಕೆ ಹೋದೆ, ಅವಳು ಮೆಡಿಕಲ್ ಸ್ಕೂಲಿಗೆ. ಈಗ ಆಸ್ಪತ್ರೆಯೊಂದರ ಮಬ್ಬುಗತ್ತಲ ಕೋಣೆಯಲ್ಲಿ ಕೂತು ಎಕ್ಸ್‌ರೇ ಓದುತ್ತಾಳೆ. ರೋಗಿಗಳನ್ನು ಮುಟ್ಟುವ ಕೆಲಸ ಅವಳಿಗಿಲ್ಲ. ಒಮ್ಮೆ ಧೈರ್ಯ ಮಾಡಿ, ಅಂದು ನಾನು ಹಾಗೆ ಹೇಳದಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. ಅವಳು ಗೊತ್ತಿಲ್ಲ ಎಂದು, ಮಗನ ಸ್ಕೂಲಿನ ವಿಷಯ ತೆಗೆದಳು. ನಾನು ಹೇಳಿದ್ದು ಸುಳ್ಳೆಂದು ಗೊತ್ತಿದ್ದೂ ಅಷ್ಟು ದಿನ ಅದೇ ಕಾರಿನಲ್ಲಿ ನನ್ನ ಪಕ್ಕ ಸುಮ್ಮನೆ ಕೂತಿದ್ದಳಲ್ಲ, ಅದು ನನ್ನಿಂದ ಆಗುತ್ತಿರಲಿಲ್ಲ. ಅವಳ ಆ ಗುಣದ ಮೇಲೆ ನನಗೆ ಇವತ್ತಿಗೂ ಹೊಟ್ಟೆಕಿಚ್ಚು.