ದೋಹಾದ ಹಳಿಯಾಳದಾಕಿ

ಕ್ಲಾರಕ್ಕನನ್ನು ಕಂಡವರು ದೋಹಾದಲ್ಲಿ ಯಾರೂ ಕನ್ನಡದಲ್ಲಿ ಮಾತಾಡಿಸುತ್ತಿರಲಿಲ್ಲ. ಕೀನ್ಯಾದ ಟ್ಯಾಕ್ಸಿಯವನು ಸ್ವಾಹಿಲಿಯಲ್ಲಿ ಕುಶಲ ಕೇಳುತ್ತಿದ್ದ, ಸುಡಾನಿನ ಅಂಗಡಿಯವನು ಅರಬ್ಬಿಯಲ್ಲಿ. ಗುಂಗುರು ಕೂದಲನ್ನು ಬಿಗಿಯಾಗಿ ಹೆಣೆದುಕೊಂಡ ಆ ಕಡುಕಪ್ಪು ಹೆಂಗಸು ಸೊಂಟದ ಮೇಲೆ ಕೈಯಿಟ್ಟು ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದರು: "ನಾ ಹಳ್ಯಾಳದಾಕಿ ಅದೀನ್ರಿ!" ಆಮೇಲೆ ಅಂಗಡಿಯೆಲ್ಲ ಕೇಳುವಂಥ ನಗು.

ನನಗೆ ಅವರು ಸಿಕ್ಕಿದ್ದು ಅಲ್ ಮುಂತಜಾ ಬಡಾವಣೆಯ ತರಕಾರಿ ಅಂಗಡಿಯಲ್ಲಿ. ಮಗಳನ್ನು ಗದರುತ್ತಿದ್ದೆ. ಬೆನ್ನ ಹಿಂದಿನಿಂದ, "ಇರಲಿ ಬಿಡ ತಂಗಿ, ಕೂಸಿಗೆ ಎಷ್ಟ ಬೈತಿ?" ಎಂಬ ದನಿ. ಧಾರವಾಡದವಳಾದ ನನಗೆ ತವರಿನವರೇ ಸಿಕ್ಕಂತಾಯಿತು. ಶತಮಾನಗಳ ಹಿಂದೆ ಆಫ್ರಿಕಾದಿಂದ ಗುಲಾಮರಾಗಿ ಬಂದು, ಉತ್ತರ ಕನ್ನಡದ ಕಾಡಂಚಿನಲ್ಲಿ ನೆಲೆನಿಂತ ಸಿದ್ದಿ ಜನರ ಪೈಕಿ ಅವರು. ಇಲ್ಲೊಂದು ಶಿಶುವಿಹಾರದಲ್ಲಿ ಆಯಾ. ಗಂಡ ತೀರಿಕೊಂಡಿದ್ದ. ಒಬ್ಬಳೇ ಮಗಳು ಆಗ್ನೆಸ್ ಬೆಳಗಾವಿಯಲ್ಲಿ ನರ್ಸಿಂಗ್ ಓದುತ್ತಿದ್ದಳು. ಅವರ ಕೇರಿಯಿಂದ ಕಾಲೇಜಿಗೆ ಹೋದ ಮೊದಲ ಹುಡುಗಿ.

ಕ್ಲಾರಕ್ಕ ಮಾತ್ರ ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವರು. "ಹುಡುಗ್ರು ನನ್ನ ಕೂದ್ಲಾ ಜಗ್ಗಿ ನಗತಿದ್ರು. ಅದನ್ನ ಮರತೇನಿ. ಮಾಸ್ತರೂ ನಕ್ರು ನೋಡು, ಅದು ಮರೀವಲ್ದು," ಎನ್ನುತ್ತಿದ್ದರು.

ಕೀನ್ಯಾದ ನರ್ಸ್ ವಂಜಿರು ಅವರ ಜೀವದ ಗೆಳತಿ. ಇಬ್ಬರೂ ಸೇರಿ ವರ್ಷಕ್ಕೊಮ್ಮೆ, ಒಂದು ಶುಕ್ರವಾರ ಮಧ್ಯಾಹ್ನ, ಕಪ್ಪು ಜನರ ಹಬ್ಬ ಶುರುಮಾಡಿದರು. ಘಾನಾದವರ ಖಾರದ ಅನ್ನ, ಸುಡಾನಿನವರ ಹಾಡು, ಕ್ಲಾರಕ್ಕ ಊರಿಂದ ತಂದಿದ್ದ ಡಮಾಮಿ ಡೋಲು. ಬಂದವರೆಲ್ಲ ಪುಸ್ತಕ, ಪೆನ್ನು ತುಂಬಿದ ಒಂದೊಂದು ಶಾಲೆಯ ಚೀಲ ತರಬೇಕು. ರಜೆಗೆ ಹೋಗುವವರು ಅವನ್ನು ತಮ್ಮೂರಿನ ಮಕ್ಕಳಿಗೆ ಒಯ್ಯಬೇಕು. ಮೊದಲ ಸಲ ನಿರೂಪಕ, "ಈಗ ಆಫ್ರಿಕನ್ ಡ್ಯಾನ್ಸ್" ಎಂದಾಗ ಕ್ಲಾರಕ್ಕ ಮೈಕು ಕಸಿದುಕೊಂಡರು. "ಆಫ್ರಿಕಾ ನಮ್ಮ ಮುತ್ತ್ಯಾಂದ್ರಿ. ಕುಣಿಯಾಕಿ ಕರ್ನಾಟಕದಾಕಿ. ಎರಡೂ ಹೇಳ್ರಿ!"

ಹೋದ ವರ್ಷದ ಹಬ್ಬದಲ್ಲಿ ಆಗ್ನೆಸ್ ಫೋನಿನ ಮೂಲಕ ದೊಡ್ಡ ಪರದೆಯ ಮೇಲೆ ಮಾತಾಡಬೇಕಿತ್ತು. ಅದಕ್ಕೆ ತಿಂಗಳ ಮೊದಲು, ಅವಳು ರಜೆಗೆ ಊರಿಗೆ ಹೊರಟಿದ್ದ ಬಸ್ಸು ಪಲ್ಟಿಯಾಯಿತು. ರಜೆ, ಟಿಕೆಟ್ಟು ಎಂದು ಓಡಾಡಿ ಕ್ಲಾರಕ್ಕ ಊರು ಮುಟ್ಟುವಷ್ಟರಲ್ಲಿ ಮಗಳನ್ನು ಮಣ್ಣು ಮಾಡಿಯಾಗಿತ್ತು.

ಅವರು ದೋಹಾಕ್ಕೆ ಮರಳಿ ಬಂದಾಗ, ಈ ಸಲ ಹಬ್ಬ ಬೇಡ ಅಕ್ಕಾ ಎಂದೆ.

"ಒಬ್ಬಾಕಿ ಹೋದ್ಲಂತ ಉಳಿದ ಹುಡುಗ್ಯಾರ ಸಾಲಿ ನಿಲ್ಲಬೇಕೇನ?" ಎಂದರು. "ಯಲ್ಲಾ, ನಡಿ ನಡಿ, ಕುರ್ಚಿ ಹಾಕ್ಸು."

ಹಬ್ಬದ ದಿನ ಅವರು ಡಮಾಮಿ ಬಡಿದರು. ಹಾಡು ಎತ್ತಿಕೊಳ್ಳುವ ಜಾಗ ಬಂತು. ಬಾಯಿ ತೆರೆದರು, ದನಿ ಹೊರಡಲಿಲ್ಲ. ಮತ್ತೆ ಬಡಿದರು. ಆಗಲೂ ಇಲ್ಲ. ಕುಣಿಯುತ್ತಿದ್ದವರು ನಿಂತುಬಿಟ್ಟರು. ಏನೂ ತಿಳಿಯದ ಚಿಕ್ಕ ಮಕ್ಕಳು ಮಾತ್ರ ಚಪ್ಪಾಳೆ ತಟ್ಟುತ್ತಲೇ ಇದ್ದರು. ವಂಜಿರು ವೇದಿಕೆ ಹತ್ತಿ ಹೋಗಿ ಅವರ ಎರಡೂ ಕೈ ಹಿಡಿದುಕೊಂಡಳು.

ಕೆಲವೇ ವಾರಗಳಲ್ಲಿ ಕ್ಲಾರಕ್ಕ ಕೆಲಸ ಬಿಟ್ಟರು. ಊರ ಹತ್ತಿರದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆಗೆ ನಿಲ್ಲುತ್ತೇನೆಂದರು. ವಿಮಾನ ನಿಲ್ದಾಣಕ್ಕೆ ಬಿಡಲು ಹೋಗಿದ್ದೆ. ಸಾಲಿನಲ್ಲಿ ನಿಂತಿದ್ದಾಗ, ನನ್ನ ಮುಖ ನೋಡದೆ ಹೇಳಿದರು:

"ಕಾಲೇಜಿನ ಮೊದಲ್ನೇ ದಿನಾ ಆಗ್ನೆಸ್ ಫೋನ್ ಮಾಡಿದ್ಲು, ತಂಗಿ. 'ಅವ್ವಾ, ನಾ ಸಿದ್ದಿ ಅಂತ ಎದ್ದು ನಿಂತು ಹೇಳಿದೆ, ಯಾರೂ ನಗಲಿಲ್ಲ' ಅಂದ್ಲು. ಇನ್ನೂ ಏನೋ ಹೇಳಾಕಿದ್ಲು. ಡ್ಯೂಟಿಗೆ ಹೊತ್ತಾತು, ಆಮ್ಯಾಲ ಹೇಳು ಅಂತ ಇಟ್ಟೆ. ನಾನೂ ಮತ್ತ ಕೇಳಲಿಲ್ಲ, ಆಕಿನೂ ಹೇಳಲಿಲ್ಲ. ಏನ್ ಹೇಳಾಕಿದ್ಲೋ."

ಸಾಲು ಮುಂದೆ ಸರಿಯಿತು. ಕ್ಲಾರಕ್ಕ ತಮ್ಮ ಪೆಟ್ಟಿಗೆ ಎತ್ತಿಕೊಂಡು ಒಳಗೆ ನಡೆದರು.