ಬೆಡ್‌ಶೀಟಿನ ಆಚೆ ಹಾಡಿದವಳು

ಹೋದ ದಸರಾ ರಜೆಯಲ್ಲಿ ಚಂದ್ರಾ ಲೇಔಟಿನ ನಮ್ಮ ಮಹಿಳಾ ಸಂಘದವರು ಚಾಮುಂಡಿಯ ಕಥೆಯನ್ನು ಹಾಡಿನ ನಾಟಕ ಮಾಡಿ ಆಡಿದೆವು. ನನ್ನದು ಟೈಲರಿಂಗ್ ಅಂಗಡಿ, ಹಾಗಾಗಿ ವೇಷದ ಬಟ್ಟೆಯೆಲ್ಲ ನನ್ನ ಪಾಲಿಗೆ ಬಂತು. ದೇವಿಯ ಪಾತ್ರ ಯಾರದೆಂದು ಇನ್ನೂ ತೀರ್ಮಾನವಾಗಿರಲಿಲ್ಲ. ಆದರೂ ದೇವಿಯ ಕೆಂಪು ರವಿಕೆ ಹೊಲಿದು ಆಗಿತ್ತು. ಅಳತೆ ನನ್ನದು.

ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು ದೇವಿಯಾಗುತ್ತೇನೆಂದರೆ ನಗುತ್ತಾರೆಂದು ಆಸೆಯನ್ನು ಯಾರಿಗೂ ಹೇಳಿರಲಿಲ್ಲ. ನನ್ನ ತಂಗಿ ಹಾಗಲ್ಲ. ಬಿ.ಎ. ಓದಿದವಳು, ಎತ್ತರದವಳು. ತನಗೆ ಈ ಪಾತ್ರ ಬೇಕೇ ಬೇಕು ಎಂದು ತಿಂಗಳೆಲ್ಲ ನನ್ನ ಅಂಗಡಿಯಲ್ಲೇ ಕೂತು ದೇವಿಯ ಹಾಡು ಅಭ್ಯಾಸ ಮಾಡಿದಳು. ನಾನು ಹುಕ್ಕು ಹಾಕುತ್ತಾ "ಚೆನ್ನಾಗಿದೆ ಕಣೇ" ಅನ್ನುತ್ತಿದ್ದೆ. ನಿಜವಾಗಿಯೂ ಚೆನ್ನಾಗಿತ್ತು, ತೊಂದರೆ ಅದೇ.

ಹಿಂದಿನ ವರ್ಷ "ನಿಮ್ಮವರಿಗೇ ಪಾತ್ರ ಕೊಟ್ರಿ" ಎಂದು ದೊಡ್ಡ ಜಗಳವಾಗಿತ್ತು. ಅದಕ್ಕೇ ಅಧ್ಯಕ್ಷೆ ಈ ಸಲ ಸಂಘದ ರೂಮಿಗೆ ಅಡ್ಡವಾಗಿ ಹಗ್ಗ ಕಟ್ಟಿ, ಸೂರ್ಯಕಾಂತಿ ಹೂವಿನ ಬೆಡ್‌ಶೀಟ್ ಇಳಿಬಿಟ್ಟರು. ಹಾಡುವವರು ಆ ಕಡೆ. ಆರಿಸುವವರು, ಅಂದರೆ ಅಧ್ಯಕ್ಷೆ ಮತ್ತು ವೇಷ ಹೊಲಿಯುವ ನಾನು, ಈ ಕಡೆ. ಯಾರು ಹಾಡುತ್ತಿದ್ದಾರೆಂದು ಗೊತ್ತಾಗಬಾರದು.

ಗೊತ್ತಾಗದೆ ಏನು? ಶೀಟಿನ ಕೆಳಗೆ ಎಲ್ಲರ ಕಾಲುಂಗುರ ಕಾಣುತ್ತಿತ್ತು. ಮೊದಲನೆಯವರು ಹಾಡಿನ ಮಧ್ಯೆ ಫೋನೆತ್ತಿ, "ಮೂರು ವಿಷಲ್ ಆದ್ಮೇಲೆ ಕುಕ್ಕರ್ ಆಫ್ ಮಾಡ್ರೀ, ನಾನಿಲ್ಲಿ ದೇವಿ ಆಗ್ತಾ ಇದೀನಿ" ಎಂದರು.

"ಯಾರೋ ಪಾಪ, ಗೊತ್ತಾಗ್ಲಿಲ್ಲ" ಎಂದರು ಅಧ್ಯಕ್ಷೆ, ಗಂಭೀರವಾಗಿ.

ಆಮೇಲೆ ಯಾರೋ ಎರಡು ಸಲ ಗಂಟಲು ಸರಿಮಾಡಿಕೊಂಡ ಸದ್ದು. ನನ್ನ ತಂಗಿ. ಅವಳು ಹಾಡಿ ಮುಗಿಸುವಷ್ಟರಲ್ಲಿ ಅಧ್ಯಕ್ಷೆ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಜೋರಾಗಿ, "ಶ್ರುತಿ ಸರಿ ಇಲ್ಲ, ಬೇಡ" ಎಂದೆ. ಶ್ರುತಿ ಅಂದರೆ ಏನೆಂದು ನನಗೆ ಇವತ್ತಿಗೂ ತಿಳಿಯದು.

"ಏನ್ರೀ, ಚೆನ್ನಾಗೇ ಇತ್ತಲ್ಲ?"

"ನನ್ನ ತಂಗಿ ಅಂತ ಕೊಟ್ರೆ ಮತ್ತೆ ಜಗಳ ಆಗುತ್ತೆ ಮೇಡಂ."

"ಯಾರು ಅಂತ ನಿಮಗೆ ಗೊತ್ತಾಯ್ತಾ?"

"ಇಲ್ಲ" ಎಂದೆ.

ಆ ಕಡೆ ಅವಳಿಗೆ ಇದೆಲ್ಲ ಕೇಳಿಸಿರಲೇಬೇಕು. ಆದರೂ ಈ ಕಡೆ ಬಂದು, ಹಾಡಿ ಮುಗಿಸಿದ್ದವರ ಜೊತೆ ಕೂತು ಸೆರಗು ಸರಿಮಾಡಿಕೊಂಡಳು.

ಉಳಿದವರು ಯಾರೂ ಸರಿಹೋಗಲಿಲ್ಲ. ಅಧ್ಯಕ್ಷೆ ತಲೆ ಹಿಡಿದು ಕೂತಾಗ, "ನಾನೊಂದ್ಸಲ ನೋಡ್ಲಾ?" ಎಂದು ಶೀಟಿನ ಆಚೆ ಹೋದೆ. ತಿಂಗಳೆಲ್ಲ ಕೇಳಿದ ಹಾಡು, ತಡವರಿಸದೆ ಬಂತು. ಮುಗಿದ ಕೂಡಲೇ ಕೇಳಿಸಿದ್ದು ತಂಗಿಯ ದನಿ.

"ಇವ್ರಿಗೇ ಕೊಡಿ ಮೇಡಂ. ಚೆನ್ನಾಗಿ ಹಾಡಿದ್ರು, ಯಾರೋ."

ಅವಳಿಗೆ ಸಿಕ್ಕಿದ್ದು ಮಹಿಷಾಸುರನ ಕೊಂಬು ಮತ್ತು ಮೀಸೆ.

ನಾಟಕದ ಕೊನೆಗೆ, ಸತ್ತು ಬಿದ್ದ ಅಸುರನ ಮೇಲೆ ಕಾಲಿಟ್ಟು ನಾನು ಆ ಹಾಡು ಹಾಡಬೇಕು. ಜನರನ್ನು ನೋಡಿದ್ದೇ ಎಲ್ಲ ಮರೆತುಹೋಯಿತು. ಬಾಯಿ ತೆರೆದು ನಿಂತೆ. ಆಗ ನನ್ನ ಕಾಲ ಕೆಳಗಿಂದ ಸತ್ತ ಮಹಿಷಾಸುರ ಮೆಲ್ಲಗೆ ಹಾಡಲು ಶುರುಮಾಡಿದ. ನಾನು ತುಟಿ ಆಡಿಸಿದೆ. ಹಾಡು ಏರಿದಂತೆ ಅವನ ಹೊಟ್ಟೆಯೂ ಏರಿ ಇಳಿಯಿತು, ಅದರ ಜೊತೆಗೆ ನನ್ನ ಕಾಲೂ. ಜನ "ಒನ್ಸ್ ಮೋರ್" ಎಂದು ಕೂಗಿದರು.

"ಅಕ್ಕಾ, ಕಾಲು ತೆಗಿಯೇ, ಉಸಿರಾಡ್ಬೇಕು."

ತೆಗೆದೆ. ಅಸುರ ಎದ್ದು ಕೂತು, ಮೀಸೆ ಸಮೇತ ದೇವಿಯ ಹಾಡನ್ನು ಇನ್ನೊಮ್ಮೆ ಪೂರ್ತಿ ಹಾಡಿ, ಮತ್ತೆ ಸತ್ತ.

ಈ ವರ್ಷವೂ ಅದೇ ನಾಟಕ. ಆರಿಸುವ ಕೆಲಸ ಬೇಡವೆಂದೆ. ದೇವಿ ಯಾರಾಗಬೇಕೆಂದು ಕೇಳುವ ಅಗತ್ಯ ಅಧ್ಯಕ್ಷೆಗೂ ಇರಲಿಲ್ಲ. ನಿನ್ನೆ ಆ ಕೆಂಪು ರವಿಕೆಯ ಹೊಲಿಗೆ ಬಿಚ್ಚಿ, ಟೇಪು ಹಿಡಿದು ತಂಗಿಯನ್ನು ಕರೆದೆ. ಅವಳು ಕೈ ಎತ್ತಿ ನಿಂತಳು.

"ನನ್ನ ಅಳತೇನೇ ತಗೋತಾ ಇದೀಯ ತಾನೇ? ಹೋದ ಸಲ ದೇವಿ ಯಾರು ಅಂತ ರವಿಕೆಗೆ ಮೊದ್ಲೇ ಗೊತ್ತಿತ್ತು."

ಅವಳ ಅಳತೆ ಬರೆದುಕೊಳ್ಳುತ್ತಾ, "ಅವತ್ತು ನಿನ್ನ ಶ್ರುತಿ ಸರಿಯಾಗೇ ಇತ್ತು ಕಣೇ" ಎಂದೆ.

"ಶ್ರುತಿ ಅಂದ್ರೆ ಏನಕ್ಕಾ?"

ನಾನು ಎರಡು ಗುಂಡುಪಿನ್ನು ತೆಗೆದು ಬಾಯಲ್ಲಿ ಕಚ್ಚಿಕೊಂಡೆ.